ಬೆಲ್ ಕೇಳಿದ ಆ ಪ್ರಶ್ನೆ

ಫ್ರೆಂಚ್ ಭೌತವಿಜ್ಞಾನಿ ಅಲೈನ್ ಆಸ್ಪೆಕ್ಟ್ ಬಗ್ಗೆ ಕನ್ನಡದಲ್ಲಿ ಬರೆದಿದ್ದಕ್ಕೆ ತುಂಬಾ ಧನ್ಯವಾದ. ಆದರೆ ಲೇಖನ ಅವರಿಗೆ ಬಂದ 2022ರ ನೊಬೆಲ್ ಬಗ್ಗೆಯೇ ಜಾಸ್ತಿ ಹೇಳಿ, ಹಿಂದಿನ ವರ್ಷಗಳನ್ನು ಎರಡೇ ಸಾಲಿನಲ್ಲಿ ಮುಗಿಸಿದೆ. ನನಗೆ ಅವರು ಇಷ್ಟವಾಗುವುದೇ ಆ ವರ್ಷಗಳಿಂದ.

1970ರ ದಶಕದ ಶುರುವಿನಲ್ಲಿ ಅವರು ಕ್ಯಾಮರೂನ್‌ನಲ್ಲಿ ಮೂರು ವರ್ಷ ಪಾಠ ಮಾಡುತ್ತಿದ್ದರು. ಕ್ವಾಂಟಂ ಭೌತಶಾಸ್ತ್ರವನ್ನು ತಾವೇ ಕೂತು ಓದಿಕೊಂಡಿದ್ದು ಅಲ್ಲೇ. ಫ್ರಾನ್ಸ್‌ಗೆ ವಾಪಸ್ ಬಂದ ಮೇಲೆ ಭೌತವಿಜ್ಞಾನಿ ಜಾನ್ ಬೆಲ್ ಅವರ 1964ರ ಪ್ರಬಂಧ ಕಣ್ಣಿಗೆ ಬಿತ್ತು. ಕ್ವಾಂಟಂ ಸಿದ್ಧಾಂತ ಪೂರ್ಣವೇ ಅಂತ ಐನ್‌ಸ್ಟೈನ್ ಎತ್ತಿದ್ದ ಅನುಮಾನವನ್ನು ಸುಮ್ನೆ ವಾದ ಮಾಡುವ ಬದಲು ಪ್ರಯೋಗದಲ್ಲೇ ಪರೀಕ್ಷಿಸಬಹುದು ಅನ್ನುವುದು ಅದರ ತಿರುಳು. 1975ರಲ್ಲಿ ಜಿನೀವಾಕ್ಕೆ ಹೋಗಿ ಬೆಲ್ ಅವರನ್ನೇ ಕಂಡರು. ಬೆಲ್ ಮೊದಲು ಕೇಳಿದ್ದು ಏನು ಗೊತ್ತಾ? ನಿಮಗೆ ಕಾಯಂ ಕೆಲಸ ಇದೆಯಾ ಅಂತ! ಈ ವಿಷಯಕ್ಕೆ ಕೈ ಹಾಕಿದರೆ ಭವಿಷ್ಯವೇ ಹಾಳು ಅನ್ನುವ ಕಾಲ ಅದು. ಪುಣ್ಯಕ್ಕೆ ಆಸ್ಪೆಕ್ಟ್‌ಗೆ ಬೋಧಕರ ಕಾಯಂ ಹುದ್ದೆ ಇತ್ತು.

ಆಮೇಲೆ ಪ್ಯಾರಿಸ್ ಹತ್ತಿರದ ಓರ್ಸೆಯಲ್ಲಿ ವರ್ಷಗಟ್ಟಲೆ ದುಡಿದರು. ಕ್ಯಾಲ್ಸಿಯಂ ಪರಮಾಣುವಿನಿಂದ ಜೋಡಿ ಫೋಟಾನ್‌ಗಳು (ಬೆಳಕಿನ ಕಣಗಳು) ಹೊರಡಬೇಕು, ಎರಡೂ ಕಡೆ ಸುಮಾರು 6 ಮೀಟರ್ ದೂರದಲ್ಲಿ ಅವನ್ನು ಅಳೆಯಬೇಕು. 1982ರ ಪ್ರಯೋಗದಲ್ಲಂತೂ ಫೋಟಾನ್ ದಾರಿಯಲ್ಲಿರುವಾಗಲೇ ಅಳತೆಯ ದಿಕ್ಕು ಬದಲಾಗುತ್ತಿತ್ತು, ಸುಮಾರು 10 ನ್ಯಾನೋಸೆಕೆಂಡಿಗೊಮ್ಮೆ. ಒಂದು ಕಡೆಯ ಸುದ್ದಿ ಬೆಳಕಿನ ವೇಗದಲ್ಲಿ ಓಡಿದರೂ ಇನ್ನೊಂದು ಕಡೆಗೆ ಹೊತ್ತಿಗೆ ಮುಟ್ಟುವುದಿಲ್ಲ. ಆದರೂ ಎರಡೂ ಕಡೆಯ ಅಳತೆಗಳ ನಡುವಿನ ಹೊಂದಾಣಿಕೆ ಕ್ವಾಂಟಂ ಲೆಕ್ಕದಂತೆಯೇ ಬಂತು. ಈ ಜಾಣತನ ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಡಾಕ್ಟರೇಟ್ ಪ್ರಬಂಧ ಒಪ್ಪಿಸಿದ್ದು 1983ರಲ್ಲಿ. ನೊಬೆಲ್ ಬರುವಾಗ ವಯಸ್ಸು 75. ಇಷ್ಟು ತಾಳ್ಮೆಯ ಕೆಲಸಕ್ಕೆ ಆ ಕಾಯಂ ಹುದ್ದೆ ಎಷ್ಟು ದೊಡ್ಡ ಆಸರೆಯಾಗಿತ್ತು, ಅಲ್ವಾ? ಲೇಖಕರು ಮುಂದಿನ ಬರಹದಲ್ಲಿ ದಯವಿಟ್ಟು ಇದನ್ನೂ ಸೇರಿಸಿ.