ಸತ್ಯಾಂಶ: '1997' ಎಂದು ಅಚ್ಚಾದ ಹ್ಯಾರಿ ಪಾಟರ್ ಎಲ್ಲಾ ಮೊದಲ ಮುದ್ರಣವಲ್ಲ

"ಮೊದಲ ಹ್ಯಾರಿ ಪಾಟರ್ ಪುಸ್ತಕದ ಒಳಪುಟದಲ್ಲಿ 'ಮೊದಲ ಪ್ರಕಟಣೆ 1997' ಎಂದಿದ್ದರೆ ಅದಕ್ಕೆ ಲಕ್ಷಾಂತರ ರೂಪಾಯಿ, ಲೇಖಕಿ ಜೆ.ಕೆ. ರೌಲಿಂಗ್ ಸಹಿಯೂ ಇದ್ದರೆ ಕೋಟಿ." ಇಂಥ ಸಂದೇಶಗಳನ್ನು ನಂಬಬೇಡಿ.

ಆ ಸಾಲು ಎಷ್ಟೋ ಮರುಮುದ್ರಣಗಳಲ್ಲೂ ಹಾಗೇ ಇರುತ್ತದೆ. ನೋಡಬೇಕಾದ್ದು ಅದೇ ಪುಟದಲ್ಲಿರುವ ಅಂಕಿಗಳ ಸಾಲು. 10ರಿಂದ 1ರವರೆಗೆ ಎಲ್ಲಾ ಇದ್ದರೆ ಮೊದಲ ಮುದ್ರಣ. ಮತ್ತೆ ಅಚ್ಚು ಹಾಕುವಾಗ ಚಿಕ್ಕ ಅಂಕಿಯನ್ನು ತೆಗೆಯುತ್ತಾರೆ. 2ಕ್ಕೇ ನಿಂತಿದ್ದರೆ ಎರಡನೇ ಮುದ್ರಣ. ನಮ್ಮ ಕನ್ನಡ ಪುಸ್ತಕಗಳಲ್ಲಿ ಸಾಮಾನ್ಯವಾಗಿ 'ಎರಡನೇ ಮುದ್ರಣ' ಎಂದು ಇಸವಿ ಸಮೇತ ಬರೆದೇ ಇರುತ್ತಾರೆ. ಹಾಗಾಗಿ ಈ ಲೆಕ್ಕ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಬ್ರಿಟನ್ನಿನ ಪ್ರಕಾಶನ ಸಂಸ್ಥೆ ಬ್ಲೂಮ್ಸ್‌ಬರಿ 1997ರ ಜೂನ್‌ನಲ್ಲಿ ತಂದ ಗಟ್ಟಿ ರಟ್ಟಿನ ಮೊದಲ ಮುದ್ರಣ ಸುಮಾರು 500 ಪ್ರತಿ ಅಷ್ಟೇ. ಅದರಲ್ಲಿ ಬಹಳಷ್ಟು ಗ್ರಂಥಾಲಯಗಳಿಗೆ ಹೋಗಿ, ಮಕ್ಕಳ ಕೈಯಲ್ಲಿ ಸವೆದವು. ಪುಸ್ತಕಕ್ಕೆ ಅದಕ್ಕಿಂತ ಒಳ್ಳೆಯ ಬಾಳು ಇನ್ನೇನಿದೆ! ಆ ಮೊದಲ ಮುದ್ರಣದ 53ನೇ ಪುಟದಲ್ಲಿ, ಹ್ಯಾರಿ ಶಾಲೆಗೆ ಒಯ್ಯಬೇಕಾದ ಸಾಮಾನುಗಳ ಪಟ್ಟಿಯಲ್ಲಿ, 'ಒಂದು ಮಂತ್ರದಂಡ' ಎಂದು ಎರಡು ಸಲ ಅಚ್ಚಾಗಿದೆ. ಇಂಥ ಒಂದು ಪ್ರತಿ 2021ರಲ್ಲಿ ಅಮೆರಿಕದ ಹರಾಜಿನಲ್ಲಿ 4,71,000 ಡಾಲರಿಗೆ ಮಾರಾಟವಾಯಿತು. ಆ ಬೆಲೆಯನ್ನೇ ಎಲ್ಲಾ ಪ್ರತಿಗಳಿಗೂ ಅಂಟಿಸುವುದು ಸರಿಯಲ್ಲ.

ಸಹಿ ಇದ್ದರೆ ಬೆಲೆ ಏರುತ್ತದೆ, ನಿಜ. ಆದರೆ ಸಹಿ ಹಾಕಿದ ಮಾತ್ರಕ್ಕೆ ಮರುಮುದ್ರಣ ಮೊದಲ ಮುದ್ರಣವಾಗುವುದಿಲ್ಲ, ಅಲ್ವಾ? ಈ ಲೇಖಕಿಯ ನಕಲಿ ಸಹಿಗಳೂ ಜಾಸ್ತಿ. ಯಾರಿಂದ, ಯಾವಾಗ ಬಂತು ಎಂಬ ದಾಖಲೆ ಕೇಳದೆ ಸುಮ್ನೆ ದುಡ್ಡು ಕೊಡಬೇಡಿ.