ಪದಕವಿಲ್ಲದ ಗುರುಗಳಿಗೂ ಮರ್ಯಾದೆ ಸಿಗಬೇಕು

ಜಪಾನಿನ ಸಮರಕಲೆ ಐಕಿಡೊದಲ್ಲಿ ಪಂದ್ಯ ಇಲ್ಲ. ಅದರದೇ ಒಂದು ಶಾಖೆಯಾದ ಟೊಮಿಕಿ ಪದ್ಧತಿಯವರು ಪಂದ್ಯ ಆಡುತ್ತಾರೆ, ಅದು ಬೇರೆ. ಉಳಿದಂತೆ ಹೆಚ್ಚಿನ ಕಡೆ ಗೆಲುವು, ಸೋಲು, ಪಾಯಿಂಟ್ ಯಾವುದೂ ಇಲ್ಲ. ಪಂದ್ಯ ಇಲ್ಲ ಅಂದಮೇಲೆ ಪದಕ ಎಲ್ಲಿಂದ ಬರಬೇಕು? ಪದಕ ಇಲ್ಲದ ಗುರುವಿನ ಹೆಸರು ಪ್ರಶಸ್ತಿ ಪಟ್ಟಿಗೆ ಹೇಗೆ ಬರಬೇಕು?

ವಿಜಯಪುರದಲ್ಲಿ ನಮಗೆ ಐಕಿಡೊ ಕಲಿಸುವ ಸರ್‌ಗೂ ಮೇಡಂಗೂ ಈಗ ವಯಸ್ಸಾಗಿದೆ. ಹೆಸರು ಹಾಕಬೇಡ ಎಂದಿದ್ದಾರೆ, ಹಾಕಿಲ್ಲ. ಜಿಲ್ಲಾ ರಾಜ್ಯೋತ್ಸವ ಪ್ರಶಸ್ತಿಗೆ ಇವರ ಹೆಸರು ಸೂಚಿಸೋಣ ಎಂದು ಶಿಷ್ಯರೆಲ್ಲ ಮಾತಾಡಿಕೊಂಡೆವು. ತಿಳಿದವರೊಬ್ಬರನ್ನು ವಿಚಾರಿಸಿದರೆ ಅವರು ಮೊದಲು ಕೇಳಿದ್ದೇ, "ಎಷ್ಟು ಹುಡುಗರು ನ್ಯಾಷನಲ್ಸ್‌ಗೆ ಹೋಗ್ಯಾರ್ರಿ?"

ಅವರದು ತಪ್ಪಲ್ಲ. ಕೋಚ್‌ಗಳಿಗೆಂದೇ 1985ರಲ್ಲಿ ಶುರುವಾದ ದ್ರೋಣಾಚಾರ್ಯ ಪ್ರಶಸ್ತಿ ಕೂಡ ಮುಖ್ಯವಾಗಿ ನೋಡುವುದು ಶಿಷ್ಯರು ಗೆದ್ದ ಪದಕಗಳನ್ನೇ. ಕುಸ್ತಿಗೆ, ಸೈಕ್ಲಿಂಗ್‌ಗೆ ಆ ಲೆಕ್ಕ ಸರಿ. ನಮ್ಮ ವಿಜಯಪುರದ ಸೈಕಲ್ ಮಕ್ಕಳು ಗೆದ್ದು ಬಂದರೆ ಅವರ ಕೋಚ್‌ಗೂ ಹಾರ ಬೀಳಲೇಬೇಕು. ಆದರೆ ಅದೊಂದೇ ಲೆಕ್ಕ ಅಲ್ಲ, ಅಲ್ವಾ?

ಈ ಇಬ್ಬರು ಮೊದಲು ಕಲಿಸುವುದು ಬೀಳುವುದನ್ನು. ಗದ್ದ ಎದೆಗೆ ಒತ್ತಬೇಕು, ಬೆನ್ನು ದುಂಡಗಾಗಬೇಕು, ಭುಜದಿಂದ ಎದುರು ಬದಿಯ ಸೊಂಟಕ್ಕೆ ಓರೆಯಾಗಿ ಉರುಳಬೇಕು. ತಲೆ ನೆಲಕ್ಕೆ ತಾಗಬಾರದು. ಇದೇ ಉಕೆಮಿ. ಹೊಸಬರು ಬೇಗ ಎಸೆಯುವುದನ್ನು ಕಲಿಸಿ ಎನ್ನುತ್ತಾರೆ. ಸರ್ ಒಪ್ಪುವುದಿಲ್ಲ. ಬೀಳಲು ಬಾರದವನ ಜೊತೆ ಅಭ್ಯಾಸ ಮಾಡಿದರೆ ಅವನ ಕೈ ಮುರಿಯುತ್ತದೆ. ಜೊತೆಗಾರನ ಮೈ ಕಾಯುವುದು ಇಲ್ಲಿ ಮೊದಲ ಪಾಠ.

ಮೇಡಂ ಭಾನುವಾರ ಓಣಿಯ ಅಜ್ಜಿಯರನ್ನು ಕೂರಿಸಿಕೊಳ್ಳುತ್ತಾರೆ. ಅವರಿಗೆ ಉರುಳಾಟ ಇಲ್ಲ. ನೆಲಕ್ಕೆ ಮೆಲ್ಲಗೆ ಇಳಿಯುವುದು, ಮಂಡಿಯೂರಿ ಏಳುವುದು, ಅಷ್ಟೇ. ಬಚ್ಚಲಲ್ಲಿ ಜಾರಿದ ಒಬ್ಬ ಅಜ್ಜಿ, "ತಲಿ ಉಳಿಸ್ಕೊಂಡೆ ನೋಡವಾ" ಎಂದು ಬಂದು ಹೇಳಿದರು. ಕಾಲೇಜು ಹುಡುಗಿಯರಿಗೆ, ಮಣಿಕಟ್ಟು ಹಿಡಿದವನ ಹೆಬ್ಬೆರಳ ಕಡೆಗೆ ಕೈ ತಿರುಗಿಸಿ ಬಿಡಿಸಿಕೊಳ್ಳುವುದನ್ನು ಹೇಳಿಕೊಡುತ್ತಾರೆ. ಫೀ ಕೊಡಲಾಗದವರನ್ನು ವಾಪಸ್ ಕಳಿಸಿದ್ದು ನಾನಂತೂ ನೋಡಿಲ್ಲ. ಇದನ್ನು ಯಾವ ಸ್ಕೋರ್‌ಬೋರ್ಡ್‌ನಲ್ಲಿ ಬರೆಯುವುದು?

ಜಪಾನಿನವರು ಇದಕ್ಕೆ ದಾರಿ ಕಂಡುಕೊಂಡಿದ್ದಾರೆ. ಐಕಿಡೊ ಕಟ್ಟಿದ ಮೊರಿಹೆಯಿ ಉಯೆಶಿಬಾ ಅವರಿಗೆ (1883-1969) ಅಲ್ಲಿನ ಸರ್ಕಾರ 1960ರಲ್ಲಿ ನೇರಳೆ ರಿಬ್ಬನ್‌ನ ಗೌರವ ಪದಕ ಕೊಟ್ಟಿತು. ಅದು ಪಂದ್ಯ ಗೆದ್ದಿದ್ದಕ್ಕೆ ಬಂದದ್ದಲ್ಲ. ಐಕಿಡೊದ ಮುಖ್ಯ ಸಂಸ್ಥೆ ಐಕಿಕೈ. ಟೋಕಿಯೋದ ಅದರ ಕೇಂದ್ರದಲ್ಲಿ ಪ್ರತಿ ಜನವರಿ ಕಾಗಾಮಿ ಬಿರಾಕಿ ಎಂಬ ಹೊಸ ವರ್ಷದ ಸಮಾರಂಭ ನಡೆಯುತ್ತದೆ. ಮೇಲಿನ ಡಾನ್, ಅಂದರೆ ಕಪ್ಪು ಬೆಲ್ಟ್‌ನ ಮೇಲಿನ ದರ್ಜೆ, ಸಿಕ್ಕವರ ಹೆಸರು ಆಗ ಹೊರಬೀಳುತ್ತದೆ. ಆ ಮಟ್ಟದಲ್ಲಿ ಪರೀಕ್ಷೆ ಇರುವುದಿಲ್ಲ, ಶಿಫಾರಸು ಇರುತ್ತದೆ. ವರ್ಷಗಟ್ಟಲೆ ಕಲಿತದ್ದು, ಕಲಿಸಿದ್ದು ಲೆಕ್ಕಕ್ಕೆ ಬರುತ್ತದೆ.

ಅಷ್ಟು ದೂರ ಯಾಕೆ, ನಮ್ಮ ಕಡೆ ಗರಡಿ ಮನೆಗಳಿಲ್ಲವೇ? ಜಾತ್ರೆಯ ಕುಸ್ತಿಯಲ್ಲಿ ಹಳೆಯ ವಸ್ತಾದರನ್ನು ಕಣಕ್ಕೆ ಕರೆದು ರುಮಾಲು ಸುತ್ತುತ್ತಾರೆ. ಅವರ ಎಷ್ಟು ಶಿಷ್ಯರು ಗೆದ್ದರು ಎಂದು ಆಗ ಯಾರೂ ಎಣಿಸುವುದಿಲ್ಲ. ಊರಿನ ಹುಡುಗರನ್ನು ಚಟಕ್ಕೆ ಬೀಳದಂತೆ ನೋಡಿಕೊಂಡರು, ಅಷ್ಟು ಸಾಕು.

ಶಾಲು, ಹಾರ, ಫಲಪುಷ್ಪ ಬೇಡ ಎನ್ನುತ್ತಿಲ್ಲ. ಅದೂ ಆಗಲಿ, ಅವರು ಇನ್ನೂ ಮ್ಯಾಟ್ ಮೇಲೆ ನಿಂತಿರುವಾಗಲೇ ಆಗಲಿ. ಆದರೆ ಇವರಿಗೆ ನಿಜವಾಗಿ ಬೇಕಿರುವುದು ಬಾಡಿಗೆ ಇಲ್ಲದ ಒಂದು ಹಾಲ್. ಸಂಜೆ ಹೊತ್ತು ಖಾಲಿ ಇರುವ ಶಾಲೆಯ ಒಂದು ಕೋಣೆಯಾದರೂ ಸಾಕು. ಈಗಿನ ಮ್ಯಾಟ್‌ಗಳು ಹರಿದಿವೆ, ಮಕ್ಕಳ ಕಾಲ್ಬೆರಳು ಸಿಕ್ಕಿಕೊಳ್ಳುತ್ತವೆ.

ಇವರಿಬ್ಬರ ಹತ್ತಿರ ಕಲಿತವರು ಈಗ ಬೆಳಗಾವಿಯಲ್ಲಿದ್ದೀರಿ, ಬಾಗಲಕೋಟೆಯಲ್ಲಿದ್ದೀರಿ. ಅವರಿಂದ ನಿಮಗೇನು ಸಿಕ್ಕಿತು ಎಂದು ಒಂದು ಪುಟ ಬರೆದು ನನಗೆ ಕಳಿಸಿ. ಅರ್ಜಿಯ ಸಾಧನೆಯ ಕಾಲಂನಲ್ಲಿ ಆ ಪುಟಗಳನ್ನೇ ಲಗತ್ತಿಸುತ್ತೇವೆ. ಮ್ಯಾಟ್‌ಗೆ ದುಡ್ಡು ಸೇರಿಸುವವರು, ಶಾಲೆಯ ಕೋಣೆ ಕೊಡಿಸಬಲ್ಲವರು ಇದ್ದರೆ ಕಾಮೆಂಟ್‌ನಲ್ಲಿ ತಿಳಿಸಿ.