ನಗೆ ಅನಿಲ ಮತ್ತು ಕೊಲೊನೋಸ್ಕೋಪಿ: ಸತ್ಯಾಂಶ

ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ವೇಳೆ ನೋವು ತಗ್ಗಿಸಲು ಕೊಡುವ ‘ನಗೆ ಅನಿಲ’ವನ್ನು ಒಮ್ಮೆ ಸೇದಿದರೂ ನರಗಳು ಸತ್ತುಹೋಗುತ್ತವೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ತಲೆಯೆತ್ತುತ್ತದೆ. ಇದು ನಿಜವಲ್ಲ.

ನಗೆ ಅನಿಲವೆಂದರೆ ನೈಟ್ರಸ್ ಆಕ್ಸೈಡ್. ಅದನ್ನು ಕೊಡುವ ಕಡೆ ಪರೀಕ್ಷೆಗೆ ಸಾಮಾನ್ಯವಾಗಿ ಬಳಸುವುದು ಅದರ ಮತ್ತು ಆಮ್ಲಜನಕದ ಸಮಪಾಲು ಮಿಶ್ರಣ. ಬ್ರಿಟನ್ನಿನಲ್ಲಿ ಹೆರಿಗೆ ನೋವಿಗೂ ಇದನ್ನೇ ಕೊಡುತ್ತಾರೆ. ನಳಿಕೆ ರೋಗಿಯ ಕೈಯಲ್ಲೇ ಇರುತ್ತದೆ. ಕೊಳವೆ ಕರುಳಿನ ತಿರುವು ದಾಟುವಾಗ ನೋವಾದರೆ ಉಸಿರೆಳೆದುಕೊಳ್ಳಬೇಕು. ಎಳೆದಾಗ ಮಾತ್ರ ಕವಾಟ ತೆರೆಯುತ್ತದೆ. ಮಂಪರು ಹೆಚ್ಚಾದರೆ ಕೈ ಸಡಿಲಗೊಂಡು ನಳಿಕೆ ತಾನಾಗಿ ಜಾರುತ್ತದೆ. ಬಿಟ್ಟ ಕೆಲವೇ ನಿಮಿಷಗಳಲ್ಲಿ ಅದರ ಪರಿಣಾಮ ಇಳಿಯುತ್ತದೆ.

ವದಂತಿಗೆ ಸತ್ಯದ ಒಂದು ಎಳೆಯೂ ಇದೆ. ಮೋಜಿಗಾಗಿ ಪದೇ ಪದೇ ಸೇದುವವರಲ್ಲಿ ಬಿ12 ಜೀವಸತ್ವ ನಿಷ್ಕ್ರಿಯಗೊಂಡು ನರಹಾನಿಯಾಗುವುದುಂಟು. ಆ ಸುದ್ದಿ ಹೇಗೋ ಆಸ್ಪತ್ರೆಗೂ ಅಂಟಿಕೊಂಡಿದೆ. ಹಾಗೆಂದು ಈ ಅನಿಲ ಎಲ್ಲರಿಗೂ ಹೊಂದುವುದಿಲ್ಲ: ಕರುಳು ಕಟ್ಟಿದವರಿಗೆ, ಶ್ವಾಸಕೋಶದ ಸುತ್ತ ಗಾಳಿ ಸೇರಿದವರಿಗೆ, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಲ್ಲಿ ಕಣ್ಣಿನೊಳಗೆ ಅನಿಲ ತುಂಬಿಸಿಕೊಂಡವರಿಗೆ ಕೊಡಬಾರದು. ಬಿ12 ಕೊರತೆಯಿದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು. ಕಟ್ಟಾ ಸಸ್ಯಾಹಾರಿಗಳಲ್ಲಿ ಈ ಕೊರತೆ ಹೆಚ್ಚು, ಅವರು ಇದನ್ನು ಮರೆಯಬಾರದು.

ಇಂಥ ಸಂದೇಶ ಬಂದಾಗ ಔಷಧದ ಹೆಸರು, ಪ್ರಮಾಣ, ಬಳಸಿದ ಅವಧಿ ಅದರಲ್ಲಿ ಇವೆಯೇ ನೋಡಿ. ಬರೀ ಹೆದರಿಕೆಯಷ್ಟೇ ಇದ್ದರೆ ಮುಂದೆ ಕಳಿಸುವ ಮೊದಲು ಔಷಧದ ಮಾಹಿತಿ ಪತ್ರದಲ್ಲಿ ‘ಯಾರಿಗೆ ಕೊಡಬಾರದು’ ಎಂಬ ಭಾಗವನ್ನು ಓದಿ. ಸಮ್ಮತಿ ಪತ್ರಕ್ಕೆ ಸಹಿ ಹಾಕುವಾಗ ಯಾವ ಔಷಧ ಕೊಡುತ್ತಾರೆಂದು ನೇರವಾಗಿ ಕೇಳಿ. ನಮ್ಮ ಅನೇಕ ಆಸ್ಪತ್ರೆಗಳಲ್ಲಿ ಮಂಪರು ಬರಿಸುವುದು ರಕ್ತನಾಳಕ್ಕೆ ಕೊಡುವ ಚುಚ್ಚುಮದ್ದಿನಿಂದ. ಅಲ್ಲಿ ಈ ಅನಿಲದ ಪ್ರಶ್ನೆಯೇ ಬರುವುದಿಲ್ಲ.